ಕ್ಷಮಿಸದ ಕೋಲು

ಸುಲಭವಾದ ಸಾಧನ ಕೈಗೆಟುಕುವಂತಿರುವಾಗ ಕಷ್ಟವಾದುದನ್ನೇ ಬೇಕೆಂದು ಹಿಡಿಯುವ ಮನುಷ್ಯನನ್ನು ಏನೆನ್ನಬೇಕು? ವಿವೇಕಿ ಎನ್ನೋಣವೇ, ಹಟಮಾರಿ ಎನ್ನೋಣವೇ? ಮೇಲುನೋಟಕ್ಕೆ ಇದು ಊಟವಾದ ಮೇಲೆ ಎಲೆಯಡಿಕೆ ಮೆಲ್ಲುತ್ತಾ ಚರ್ಚಿಸಬಹುದಾದ ಹಗುರವಾದ ಪ್ರಶ್ನೆ. ಆದರೆ ಕೆಲವು ತಿಂಗಳಿಂದ ಅದು ನಮ್ಮನ್ನು ಬಿಡದೆ ಕಾಡುತ್ತಿದೆ. ಹಾಗೆ ಕಾಡುವುದಕ್ಕೆ ಕಾರಣವಾದದ್ದು ನಮಗೆ ಯಾವ ವಿಧದಲ್ಲೂ ಸಂಬಂಧವಿಲ್ಲದ ಒಂದು ಆಟ, ಗಾಲ್ಫ್.

ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ನಾವು ಗಾಲ್ಫ್ ಆಡಿದವರಲ್ಲ. ಗುಮಾಸ್ತನ ಸಂಬಳದಲ್ಲಿ ಆಡುವ ಆಟವೂ ಅದಲ್ಲ. ದೆಹಲಿಯ ಬಸ್ಸಿನ ಕಿಟಕಿಯಿಂದ ಗಾಲ್ಫ್ ಮೈದಾನದ ಬೇಲಿಯನ್ನು ನೋಡಿ, ಒಳಗಿನ ಹಸಿರಿಗೆ ಒಂದು ನಿಟ್ಟುಸಿರು ಬಿಟ್ಟು ಮುಂದೆ ಹೋದದ್ದಷ್ಟೇ ನಮ್ಮ ಅನುಭವ. ಕಳೆದ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ಹಂಚುವ ಕೆಲಸ ನಮ್ಮ ಪಾಲಿಗೆ ಬಂದಾಗ, ಸಂಘದ ಹಿರಿಯ ಸದಸ್ಯರೂ ನಿವೃತ್ತ ಸೇನಾಧಿಕಾರಿಗಳೂ ಆದ, ಕೊಡಗಿನ ಕಡೆಯ ಕರ್ನಲ್ ಸಾಹೇಬರೊಬ್ಬರ ಮನೆಗೆ ಹೋಗಿದ್ದೆವು. ವರಾಂಡದಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಮಗ ಅಮೆರಿಕದಿಂದ ತಂದುಕೊಟ್ಟ ಹೊಚ್ಚ ಹೊಸ ಗಾಲ್ಫ್ ಕೋಲುಗಳು. ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೂಡ ಬಿಚ್ಚಿರಲಿಲ್ಲ. ಇನ್ನೊಂದರಲ್ಲಿ ಐವತ್ತು ವರ್ಷ ಹಿಂದಿನ, ಮುಖ ಸವೆದ ಹಳೆಯ ಕೋಲುಗಳು. ಕರ್ನಲ್ ಸಾಹೇಬರು ಹಳೆಯದನ್ನೇ ಎಣ್ಣೆಬಟ್ಟೆಯಿಂದ ಒರೆಸುತ್ತಾ ಕುಳಿತಿದ್ದರು.

“ಹೊಸದು ಆಡೋದಕ್ಕೆ ಸುಲಭವಂತಲ್ಲ ಸಾರ್?” ಎಂದೆವು.

“ಸುಲಭವೇ. ನಾನು ತಪ್ಪು ಹೊಡೆದರೂ ಅದು ಬಾಯಿ ಬಿಡೋದಿಲ್ಲ. ಇದು ಹೇಳುತ್ತೆ. ಮೊಣಕೈವರೆಗೂ ಹೇಳುತ್ತೆ” ಎಂದು ನಕ್ಕು, “ಕೂತುಕೊಳ್ಳಿ, ಕಾಫಿ ಕುಡೀರಿ” ಎಂದರು.

ಎಂದೋ ಬಿ.ಎಸ್ಸಿ. ಓದಿದ ಚಪಲ ಸುಮ್ಮನಿರಬೇಕಲ್ಲ! ಆ ‘ಮೊಣಕೈ’ಯ ಮಾತಿನ ಅರ್ಥವೇನೆಂದು ಹುಡುಕುತ್ತಾ ಹೋದೆವು. ಹಳೆಯ ಮಾದರಿಯ ಕೋಲಿನ ತಲೆಗೆ ‘ಬ್ಲೇಡ್’ ಎನ್ನುತ್ತಾರೆ. ಮೆದು ಉಕ್ಕನ್ನು ಕಾಯಿಸಿ ಬಡಿದು ಮಾಡಿದ ಸಣ್ಣ ಅಲಗು ಅದು. ಅದರ ತೂಕ ಹೆಚ್ಚಾಗಿ ನಡುವಿನ ಸುತ್ತಮುತ್ತಲೇ ಇರುತ್ತದೆ. ಚೆಂಡು ಆ ನಟ್ಟನಡುವಿಗೆ ತಾಗಿದರೆ ಸರಿ. ಅರ್ಧ ಅಂಗುಲ ಆಚೆ ತಾಗಿತೋ, ತಲೆ ತಿರುಚಿಕೊಳ್ಳುತ್ತದೆ. ಚೆಂಡು ದೂರವೂ ಹೋಗದೆ, ನೇರವೂ ಹೋಗದೆ ಪೊದೆ ಸೇರುತ್ತದೆ. ಚಳಿಗಾಲದ ಬೆಳಗಾದರೆ ಹಿಡಿದ ಬೆರಳುಗಳು ಜುಮ್ಮೆನ್ನುತ್ತವೆ. ಚೆಂಡಿಗೂ ಕೋಲಿಗೂ ಆಗುವ ಸ್ಪರ್ಶ ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಪಾಲು. ಅಷ್ಟರಲ್ಲಿ ತೀರ್ಪು ಆಗಿಹೋಗಿರುತ್ತದೆ.

ಈ ಕಷ್ಟವನ್ನು ನೀಗಿಸಿದವರಲ್ಲಿ ಮುಖ್ಯರು ಕಾರ್ಸ್ಟನ್ ಸೋಲ್‌ಹೈಮ್. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದು, ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿ ಎಂಜಿನಿಯರ್ ಆಗಿದ್ದವರು. ನಲವತ್ತು ದಾಟಿದ ಮೇಲೆ ಈ ಆಟ ಕಲಿತರು. ಚೆಂಡನ್ನು ಕುಳಿಗೆ ಉರುಳಿಸುವ ಕೋಲು ತಮ್ಮ ಮಾತು ಕೇಳದಿದ್ದಾಗ, 1959ರಲ್ಲಿ ತಾವೇ ಒಂದನ್ನು ಮಾಡಿಕೊಂಡರು. ತೂಕವನ್ನು ನಡುವಿನಿಂದ ತೆಗೆದು ಎರಡು ಕೊನೆಗಳಿಗೆ ಹಂಚಿದ್ದೇ ಅದರ ಗುಟ್ಟು. ಚೆಂಡಿಗೆ ತಾಗಿದಾಗ ‘ಪಿಂಗ್’ ಎಂದು ಸದ್ದಾದ್ದರಿಂದ ಅದಕ್ಕೆ ಅದೇ ಹೆಸರಾಯಿತು. ಮುಂದೆ ದೂರ ಹೊಡೆಯುವ ಕಬ್ಬಿಣದ ಕೋಲುಗಳಿಗೂ ಇದೇ ಉಪಾಯ ಬಂತು: ತಲೆಯ ಹಿಂಭಾಗವನ್ನು ಗುಳಿಯಾಗಿ ತೋಡಿ, ತೂಕವನ್ನು ಅಂಚಿನ ಸುತ್ತಲೂ ಸೇರಿಸಿದರು.

ಇದರಲ್ಲಿ ಮಾಯವೇನೂ ಇಲ್ಲ. ಕಾಲೇಜಿನಲ್ಲಿ ‘ಮೊಮೆಂಟ್ ಆಫ್ ಇನರ್ಷಿಯಾ’ ಎಂದು ಓದಿದ್ದು ಇದನ್ನೇ. ತೂಕ ಅಕ್ಷದಿಂದ ಎರಡರಷ್ಟು ದೂರ ಸರಿದರೆ, ತಿರುಗಲು ಅದು ಒಡ್ಡುವ ತಡೆ ನಾಲ್ಕರಷ್ಟಾಗುತ್ತದೆ. ಊರಿನ ಜಾತ್ರೆಯಲ್ಲಿ ದೊಂಬರ ಹುಡುಗಿ ಹಗ್ಗದ ಮೇಲೆ ನಡೆಯುವಾಗ ಕೈಯಲ್ಲಿ ಉದ್ದನೆಯ ಬಿದಿರಿನ ಗಳ ಹಿಡಿದಿರುತ್ತಿದ್ದಳಲ್ಲ, ಅದೇ ತತ್ತ್ವ. ಗಳ ಉದ್ದವಾದಷ್ಟೂ ಅದು ಬೇಗ ವಾಲುವುದಿಲ್ಲ. ಅವಳಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ತೂಕ ಅಂಚಿಗೆ ಹೋದ ಕೋಲಿನ ತಲೆಯೂ ಹಾಗೆಯೇ, ಚೆಂಡು ನಡು ತಪ್ಪಿ ತಾಗಿದರೂ ಅಷ್ಟಾಗಿ ತಿರುಚುವುದಿಲ್ಲ. ಇಂಥ ಕೋಲನ್ನು ಆಟಗಾರರು ‘ಫರ್ಗಿವಿಂಗ್’ ಎನ್ನುತ್ತಾರೆ. ಕ್ಷಮಿಸುವ ಕೋಲು! ನಿರ್ಜೀವ ಉಕ್ಕಿಗೆ ಎಂಥ ದೊಡ್ಡ ಗುಣವನ್ನು ಹೊರಿಸಿಬಿಟ್ಟಿದ್ದಾರೆ ನೋಡಿ.

ಹೀಗೆ ಕ್ಷಮೆ ಅಂಗಡಿಯಲ್ಲಿ ದೊರೆಯುವಾಗಲೂ ಅದನ್ನು ಬೇಡವೆನ್ನುವವರು ಕರ್ನಲ್ ಸಾಹೇಬರೊಬ್ಬರೇ ಅಲ್ಲ. ಹಿಂದೆ ಚೆಂಡನ್ನು ಬಹುದೂರ ಹೊಡೆಯುವ ಕೋಲಿಗೆ ಪರ್ಸಿಮನ್ ಮರದ ತಲೆ ಇರುತ್ತಿತ್ತು. ನಮ್ಮಲ್ಲಿ ಬೀಡಿ ಸುತ್ತುವ ಎಲೆ ಕೊಡುವ ಮರದ ಕುಲಕ್ಕೇ ಸೇರಿದ ಗಟ್ಟಿ ಮರ ಅದು. 1979ರಲ್ಲಿ ಗ್ಯಾರಿ ಆ್ಯಡಮ್ಸ್ ಎಂಬುವರು ಲೋಹದ ತಲೆಯನ್ನು ಮಾರಾಟಕ್ಕೆ ತಂದರು. 1991ರಲ್ಲಿ ‘ಬಿಗ್ ಬರ್ತಾ’ ಎಂಬ ದೊಡ್ಡ ತಲೆಯ ಕೋಲು ಬಂತು. ಆದರೂ 1993ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ಮರದ ತಲೆಯ ಕೋಲನ್ನೇ ಹಿಡಿದು ಮಾಸ್ಟರ್ಸ್ ಪಂದ್ಯವನ್ನು ಗೆದ್ದರು. ಲೋಹದ ತಲೆಗಳು ಊದುತ್ತಾ ಊದುತ್ತಾ ಹೋಗಿ, ಕಡೆಗೆ 2004ರಿಂದ 460 ಘನ ಸೆಂಟಿಮೀಟರು ಮೀರಬಾರದೆಂದು ನಿಯಮ ಮಾಡಬೇಕಾಯಿತು. ಅದು ಹಳೆಯ ಮರದ ತಲೆಯ ಎರಡು ಪಟ್ಟಿಗೂ ಹೆಚ್ಚು. ಇಷ್ಟಾದರೂ ಸ್ಕಾಟ್‌ಲೆಂಡಿನಲ್ಲಿ 2005ರಿಂದ ‘ವರ್ಲ್ಡ್ ಹಿಕರಿ ಓಪನ್’ ಎಂಬ ಪಂದ್ಯ ನಡೆಯುತ್ತಿದೆ. ಹಿಕರಿ ಮರದ ಹಿಡಿಯುಳ್ಳ, ನೂರು ವರ್ಷ ಹಿಂದಿನ ಮಾದರಿಯ ಕೋಲುಗಳಲ್ಲಿಯೇ ಅಲ್ಲಿ ಆಡಬೇಕು.

ಇವರೆಲ್ಲ ಏನನ್ನು ಹುಡುಕುತ್ತಾರೆ? ನಮಗೆ ತೋರುವಂತೆ, ಅವರು ಬಯಸುವುದು ನಿಜವನ್ನು. ಕ್ಷಮಿಸುವ ಕೋಲಿನಲ್ಲಿ ಚೆಂಡು ಚೆನ್ನಾಗಿ ಹೋದಾಗ ಹೊಡೆತ ನಮ್ಮದೋ, ಎಂಜಿನಿಯರನದೋ ಎಂಬ ಸಂಶಯ ಉಳಿಯುತ್ತದೆ. ಕ್ಷಮಿಸದ ಕೋಲಿನಲ್ಲಿ ಆ ಸಂಶಯ ಬಹಳಮಟ್ಟಿಗೆ ದೂರವಾಗುತ್ತದೆ. 1949ರ ಫೆಬ್ರವರಿಯಲ್ಲಿ ಬೆನ್ ಹೋಗನ್ ಎಂಬ ಆಟಗಾರರ ಕಾರಿಗೆ ಬಸ್ಸು ಡಿಕ್ಕಿ ಹೊಡೆದು, ಅವರು ಮತ್ತೆ ನಡೆದಾಡುವುದೇ ಅನುಮಾನವೆಂಬಂತಾಗಿತ್ತು. ಹದಿನಾರು ತಿಂಗಳ ಬಳಿಕ, 1950ರ ಅಮೆರಿಕನ್ ಓಪನ್ ಪಂದ್ಯದ ಕೊನೆಯ ಕುಳಿಯಲ್ಲಿ, ಕಾಲಿಗೆ ಪಟ್ಟಿ ಸುತ್ತಿಕೊಂಡು ದಣಿದು ನಿಂತಿದ್ದ ಅವರು ತೆಗೆದದ್ದು ‘ಒನ್ ಐರನ್’ ಎಂಬ, ಎಲ್ಲಕ್ಕಿಂತ ಕಠಿಣವೆನಿಸಿದ ಕೋಲನ್ನು. ಚೆಂಡು ಸರಿಯಾಗಿ ಹೋಗಿ ಸೇರಿತು. ಮಾರನೆಯ ದಿನ ಪಂದ್ಯವೂ ಅವರದಾಯಿತು. ಕಳುವಾಗಿದ್ದ ಆ ಕೋಲು ಎಷ್ಟೋ ವರ್ಷಗಳ ಮೇಲೆ 1983ರಲ್ಲಿ ಸಿಕ್ಕಿತು. ಅದರ ಮುಖದ ಮೇಲೆ ಸವೆದ ಗುರುತು ಇದ್ದದ್ದು ನಡುವಿನಲ್ಲಿ, ಒಂದು ನಾಣ್ಯದಷ್ಟು ಜಾಗದಲ್ಲಿ ಮಾತ್ರ. ಒಬ್ಬ ಮನುಷ್ಯನ ಜೀವಮಾನದ ಶಿಸ್ತಿಗೆ ಇದಕ್ಕಿಂತ ಒಳ್ಳೆಯ ಸರ್ಟಿಫಿಕೇಟು ಯಾರು ಕೊಟ್ಟಾರು?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕ್ಷಮಿಸದ ಕೋಲು ಹಿಡಿದವನಿಗೆ ಹಾಗೆನ್ನುವ ಅವಕಾಶವೂ ಇದೆ. ಕೋಲೇ ಹಾಗೆ ಎಂದುಬಿಡಬಹುದು. ಆದರೂ ಅವನು ಹಾಗೆನ್ನದೆ, ಡೊಂಕು ತನ್ನ ಹೆಜ್ಜೆಯಲ್ಲಿದೆ ಎಂದು ಒಪ್ಪಿಕೊಳ್ಳುತ್ತಾನೆ. ಇದು ದೊಡ್ಡ ಗುಣವೆಂದೇ ನಮ್ಮ ಭಾವನೆ.

ಇಲ್ಲಿಗೆ ಪ್ರಬಂಧ ಮುಗಿಸಿದ್ದರೆ ಓದುವವರಿಗೂ ಹಿತ, ನಮಗೂ ಹಿತ. ಆದರೆ ಎದುರು ಪಕ್ಷವನ್ನು ಕೇಳದೆ ತೀರ್ಮಾನ ಬರೆಯಬಾರದಷ್ಟೆ. ಮೊದಲನೆಯದಾಗಿ, ‘ಹಳೆಯದು’ ಎಂಬುದೇ ಜಾರುವ ಮಾತು. ಕರ್ನಲ್ ಸಾಹೇಬರ ಕೋಲಿನ ಉಕ್ಕಿನ ಹಿಡಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1924ರಲ್ಲಿ, ಬ್ರಿಟನ್ನಿನಲ್ಲಿ 1929ರಲ್ಲಿ. ಅದಕ್ಕೆ ಮೊದಲು ಅದೇ ನಿಷಿದ್ಧ ವಸ್ತು. 1930ರಲ್ಲಿ ಬಾಬಿ ಜೋನ್ಸ್ ಒಂದೇ ವರ್ಷ ನಾಲ್ಕು ಮಹಾಪಂದ್ಯಗಳನ್ನು ಗೆದ್ದದ್ದು ಹಿಕರಿ ಹಿಡಿಯ ಕೋಲುಗಳಿಂದ. ಅವರ ಕಾಲದ ಹಿರಿಯರಿಗೆ ಕರ್ನಲ್ ಸಾಹೇಬರ ಉಕ್ಕೇ ಸೋಮಾರಿಗಳ ಸಾಧನವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಎರಡನೆಯದಾಗಿ, ಹಳೆಯದರ ಮೇಲಿನ ಪ್ರೀತಿಯಲ್ಲಿ ಸ್ವಾರ್ಥವೂ ಅಡಗಿರಬಹುದು. ಸ್ಕಾಟ್‌ಲೆಂಡಿನ ಸೇಂಟ್ ಆ್ಯಂಡ್ರೂಸ್‌ನಲ್ಲಿ ಆ್ಯಲನ್ ರಾಬರ್ಟ್‌ಸನ್ ಎಂಬ ಮಹಾ ಆಟಗಾರರಿದ್ದರು. ತೊಗಲಿನೊಳಗೆ ಹಕ್ಕಿಯ ಗರಿ ತುಂಬಿ ಚೆಂಡು ಹೊಲಿಯುವುದು ಅವರ ಕಸುಬು. 1848ರ ಸುಮಾರಿಗೆ ಮಲಯದ ಮರದ ಅಂಟಿನಿಂದ ಮಾಡಿದ ಅಗ್ಗದ ಚೆಂಡು ಬಂದಾಗ ಅವರು ಕೆರಳಿದರು. ತಮ್ಮ ಬಳಿ ಕೆಲಸಕ್ಕಿದ್ದ ಟಾಮ್ ಮಾರಿಸ್ ಆ ಚೆಂಡಿನಲ್ಲಿ ಆಡಿದ್ದಕ್ಕಾಗಿಯೇ ಇಬ್ಬರಿಗೂ ಮನಸ್ತಾಪವಾಗಿ, ಮಾರಿಸ್ ಬೇರೆಯಾದರು. ಕಡೆಗೆ ರಾಬರ್ಟ್‌ಸನ್ನರೂ ಅಂಟಿನ ಚೆಂಡನ್ನೇ ಮಾಡತೊಡಗಿದರೆನ್ನಿ.

ಮೂರನೆಯ ಆಕ್ಷೇಪಣೆ ಎಲ್ಲಕ್ಕಿಂತ ಗಂಭೀರವಾದುದು. ಅದನ್ನು ಪುಸ್ತಕದಿಂದ ಹೇಳಲಾರೆವು. ನಮ್ಮ ಮೇಜಿನಿಂದಲೇ ಹೇಳಬೇಕು.

ನಮಗೆ ಕೈಲೆಕ್ಕದ ಹೆಮ್ಮೆ ಬಹಳ. ಕೆಲಸಕ್ಕೆ ಸೇರಿದಾಗ ಹಳೆಯ ತಲೆಮಾರಿನ ಮುಖ್ಯ ಗುಮಾಸ್ತರೊಬ್ಬರು ಸೇವಾ ಪುಸ್ತಕ ನೋಡಿ ಪೆನ್ಸಿಲಿನಲ್ಲಿ ಲೆಕ್ಕ ಕಟ್ಟುವುದನ್ನು ಕಲಿಸಿದ್ದರು. ಕೆಲವು ವರ್ಷಗಳ ಹಿಂದೆ ಹೊಸದಾಗಿ ಸೇರಿದ ಹುಡುಗನೊಬ್ಬನಿಗೆ, ನಿವೃತ್ತನಾಗಲಿದ್ದ ಒಬ್ಬ ದಫ್ತರಿಯ ಕಾಗದಪತ್ರ ಒಪ್ಪಿಸಿ, “ಕಂಪ್ಯೂಟರ್ ಮುಟ್ಟಬೇಡ, ಕೈಯಲ್ಲೇ ಮಾಡು, ಆಗಲೇ ವಿದ್ಯೆ ಬರೋದು” ಎಂದು ಹಿಂದಿಯಲ್ಲಿ ಉಪದೇಶ ಮಾಡಿದೆವು. ಸಂಬಳವಿಲ್ಲದ ರಜೆಯ ದಿನಗಳನ್ನು ಎಣಿಸುವಲ್ಲಿ ಅವನು ಎಡವಿದ. ನಮ್ಮ ಪದ್ಧತಿಯ ಮೇಲಿನ ಮೋಹದಿಂದ, ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡದೆ ನಾವೂ ರುಜು ಹಾಕಿದೆವು. ಫೈಲು ಆಕ್ಷೇಪಣೆಯೊಂದಿಗೆ ಹಿಂದಕ್ಕೆ ಬಂತು. ಗ್ರಾಚ್ಯುಯಿಟಿ ಎರಡು ತಿಂಗಳು ತಡವಾಯಿತು. ಆ ದಫ್ತರಿಗೆ ಗಢ್ವಾಲದ ತನ್ನ ಹಳ್ಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಮನೆಯ ಮಾಡು ರಿಪೇರಿ ಮಾಡಿಸಬೇಕಿತ್ತು. ಅವನು ಒಂದು ಮಾತನ್ನೂ ಆಡಲಿಲ್ಲ. ವಾರಕ್ಕೊಮ್ಮೆ ಬಂದು, ನಮ್ಮ ಮೇಜಿನ ಪಕ್ಕದ ಬೆಂಚಿನ ಮೇಲೆ ಕುಳಿತು, ನಾವು ತರಿಸಿಕೊಟ್ಟ ಚಹಾ ಕುಡಿದು ಹೋಗುತ್ತಿದ್ದ. ಹಣ ಅವನ ಕೈಸೇರುವ ಹೊತ್ತಿಗೆ ಊರಿನಲ್ಲಿ ಮಳೆ ಹಿಡಿದಿತ್ತು.

ಕೋಲು ಕ್ಷಮಿಸಲಿಲ್ಲ, ನಿಜ. ಆದರೆ ಪೆಟ್ಟು ಬಿದ್ದದ್ದು ಯಾರಿಗೆ? ಹುಡುಗನಿಗೆ ಮೇಲಧಿಕಾರಿಯಿಂದ ನಾಲ್ಕು ಮಾತು, ನಮಗೆ ಒಂದು ವಿವರಣೆ ಬರೆಯುವ ಶ್ರಮ. ಸೋರುವ ಮನೆಯಲ್ಲಿ ಕುಳಿತವನು ದಫ್ತರಿ. ಅವನು ಯಾವ ಆಟವನ್ನೂ ಆಡಲು ಬಂದವನಲ್ಲ.

ಗಾಲ್ಫ್ ಮೈದಾನಕ್ಕೂ ನಮ್ಮ ಮೇಜಿಗೂ ಇರುವ ಅಂತರ ನಮಗೆ ಸ್ಪಷ್ಟವಾದದ್ದು ಇದನ್ನು ನೆನೆದಾಗಲೇ. ಕರ್ನಲ್ ಸಾಹೇಬರ ಹೊಡೆತ ತಪ್ಪಿದರೆ ಚೆಂಡು ಪೊದೆಗೆ ಹೋಗುತ್ತದೆ, ಜುಮ್ಮೆನ್ನುವುದು ಅವರ ಮೊಣಕೈ. ತಪ್ಪಿನ ಬೆಲೆಯನ್ನು ತೆರುವವರೂ ಅವರೇ, ಆ ಕೋಲನ್ನು ಆರಿಸಿಕೊಂಡವರೂ ಅವರೇ. ಈ ಎರಡೂ ಒಬ್ಬನಲ್ಲೇ ಕೂಡಿದಾಗ ಕಷ್ಟದ ಸಾಧನ ತಪಸ್ಸಾಗಬಲ್ಲದು. ಆರಿಸುವವರು ನಾವು, ತೆರುವವರು ಇನ್ನೊಬ್ಬರು ಎಂದಾದಾಗ ಅದೇ ಅಹಂಕಾರವಾಗುತ್ತದೆ. ಶಸ್ತ್ರವೈದ್ಯ ತನ್ನ ಕೈಚಳಕವನ್ನು ಪರೀಕ್ಷಿಸಿಕೊಳ್ಳಲೆಂದು ಹಳೆಯ ಸಲಕರಣೆ ಹಿಡಿದರೆ ನಾವು ಮೆಚ್ಚುತ್ತೇವೆಯೇ? ಇನ್ನೊಬ್ಬರ ಹಿತ ನಮ್ಮ ಕೈಯಲ್ಲಿರುವಾಗ ಕ್ಷಮಿಸುವ ಸಾಧನವನ್ನೇ ಹಿಡಿಯುವುದು ಧರ್ಮ.

ಮೊನ್ನೆ ಯುಗಾದಿ ಕಾರ್ಯಕ್ರಮದ ಚಂದಾ ಎತ್ತಲು ಮತ್ತೆ ಕರ್ನಲ್ ಸಾಹೇಬರಲ್ಲಿಗೆ ಹೋದಾಗ ಹೊಸ ಚೀಲದ ಪ್ಲಾಸ್ಟಿಕ್ ಹೊದಿಕೆ ಮಾಯವಾಗಿತ್ತು. ಮನಸ್ಸು ಬದಲಾಯಿತೇ ಎಂದು ಕೇಳಿದೆವು. “ನನಗಲ್ಲ, ಮೊಮ್ಮಗಳಿಗೆ. ಹಿಡಿ ಕತ್ತರಿಸಿ ಗಿಡ್ಡ ಮಾಡಿಸಿದೆ. ಮೊದಲ ದಿನವೇ ಕೈ ನೋಯಿಸಿಕೊಂಡರೆ ಮಗು ಮತ್ತೆ ಮೈದಾನಕ್ಕೆ ಬರುತ್ತಾ? ಮೊದಲು ಆಟ ಇಷ್ಟವಾಗಲಿ. ನಿಜ ಬೇಕು ಅನಿಸಿದ ದಿನ ಅವಳೇ ನನ್ನ ಚೀಲಕ್ಕೆ ಕೈ ಹಾಕುತ್ತಾಳೆ” ಎಂದರು. ಹೊರನಾಡಿನ ನಮ್ಮ ಮನೆಗಳಲ್ಲಿ, ಮಗು ‘ಹಳ್ಳಿ’ಯನ್ನು ‘ಹಲ್ಲಿ’ ಎಂದೊಡನೆ ನಕ್ಕುಬಿಡುವ ನಾವು ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕೈಲೆಕ್ಕವನ್ನು ನಾವು ಬಿಟ್ಟಿಲ್ಲ. ಈಗಲೂ ಪ್ರತಿ ಫೈಲಿಗೂ ಮೊದಲು ಪೆನ್ಸಿಲಿನಲ್ಲಿ ಲೆಕ್ಕ ಕಟ್ಟುತ್ತೇವೆ, ಅನಂತರ ಯಂತ್ರವನ್ನು ಕೇಳುತ್ತೇವೆ. ಎರಡೂ ತಾಳೆಯಾದ ಮೇಲೆಯೇ ರುಜು. ತಾಳೆಯಾಗದ ದಿನ, ತಪ್ಪು ಹೆಚ್ಚಾಗಿ ಪೆನ್ಸಿಲಿನದೇ ಆಗಿರುತ್ತದೆ, ನಮ್ಮ ಬೆರಳೂ ಕೊಂಚ ಜುಮ್ಮೆನ್ನುತ್ತದೆ. ಆದರೆ ಅದು ನಮ್ಮ ಬೆರಳು ಮಾತ್ರ. ಫೈಲಿನೊಳಗಿನ ಮನುಷ್ಯನಿಗೆ ಅದರ ಸುದ್ದಿಯೇ ಹೋಗುವುದಿಲ್ಲ.