ಕರುವಿನ ಪಾಲು



ಅಹಿಂಸೆ ಅಂದಕೂಡಲೆ ನಮಗೆ ಕೋಣದ ಬಲಿ, ಕುರಿಯ ಬಲಿ ನೆನಪಾಗ್ತಾವ. ದೇವಸ್ಥಾನದಲ್ಲಿ ಪ್ರಾಣಿಬಲಿ ಕೊಡಬಾರದೆಂದು ನಮ್ಮ ರಾಜ್ಯದಲ್ಲಿ 1959ರಲ್ಲೇ ಕಾಯ್ದೆ ಬಂದಿದೆ. ಯಾದಗಿರಿ ಕಡೆಯ ಮೈಲಾಪುರದ ಮಲ್ಲಯ್ಯನ ಸಂಕ್ರಾಂತಿ ಜಾತ್ರೆಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಪಲ್ಲಕ್ಕಿ ಬರುವಾಗ ಹರಕೆ ಹೊತ್ತವರು ಜೀವಂತ ಕುರಿಮರಿಗಳನ್ನು ಅದರ ಕಡೆ ಎಸೆಯುವ ಪದ್ಧತಿ ಅಲ್ಲಿತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿ, ಊರಿಗೆ ಬರುವ ದಾರಿಗಳಲ್ಲಿ ಚೆಕ್‌ಪೋಸ್ಟ್ ಹಾಕಿ ಮರಿಗಳನ್ನು ಹಿಡಿದಿಡುತ್ತದೆ. ಒಳ್ಳೆಯ ಕೆಲಸವೇ. ಆದರೆ ನಾಕೆಯಲ್ಲಿ ಉಳಿದ ಮರಿ ಸಂತೆಯಲ್ಲಿ ಮಾರಿ ಹೋದರೆ ಅದರ ಪಾಲಿಗೆ ಬದಲಾದದ್ದೇನು? ಪಲ್ಲಕ್ಕಿ ತಪ್ಪಿತು, ಕತ್ತಿ ತಪ್ಪಲಿಲ್ಲ.

ಇದನ್ನು ಯಾಕ ಹೇಳ್ತೀನಂದ್ರ, ಆ ಕುರಿಗಾರನನ್ನು ಬೈಯುವವರಲ್ಲಿ ನಮ್ಮಂಥ ಸಸ್ಯಾಹಾರಿಗಳೇ ಮುಂದೆ. ನಾವು ತಿನ್ನೋದಿಲ್ಲ, ಕೊಲ್ಲೋದಿಲ್ಲ, ನಮ್ಮ ಕೈ ಸ್ವಚ್ಛ ಅಂತ ತಿಳಿದಿರ್ತೀವಿ. ಅದೇ ಕೈಯಲ್ಲಿ ಹಾಲಿನ ಪಾಕೀಟು ಹಿಡಿದು ಗುಡ್ಡ ಹತ್ತುತ್ತೇವೆ. ಅಭಿಷೇಕದ ರಸೀದಿ ಬರೆಯುವವನು ನಾನು, ಅದಕ್ಕೇ ಈ ಮಾತು ಆಡುವ ಹಕ್ಕು ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಎಮ್ಮಿ ಸುಮ್ಮನೆ ಹಾಲು ಕೊಡೋದಿಲ್ರಿ. ಹತ್ತು ತಿಂಗಳು ಹೊಟ್ಟೆಯಲ್ಲಿ ಹೊತ್ತು ಈಯಬೇಕು, ಆಮೇಲೆ ಹಾಲು. ಆ ಹಾಲು ಬಂದದ್ದು ಕರುವಿಗಾಗಿ. ಹೆಣ್ಣು ಕರು ಆದರೆ ಮುಂದೆ ಹಾಲು ಕೊಡುತ್ತದೆಂದು ಸಾಕುತ್ತಾರೆ. ಗಂಡು ಆದರೆ? ಹಿಂದೆ ಹೋರಿಗರು ಬೆಳೆದು ಎತ್ತಾಗುತ್ತಿತ್ತು, ಕುಂಟೆ ಎಳೆಯುತ್ತಿತ್ತು, ಬಂಡಿ ಹೂಡುತ್ತಿತ್ತು. ಅದೂ ದುಡಿತವೇ, ಆದರೂ ಮನೆಯಲ್ಲಿ ಅದಕ್ಕೊಂದು ಜಾಗ ಇತ್ತು. ಈಗ ಟ್ರ್ಯಾಕ್ಟರ್ ಬಂದಿದೆ. ಎಮ್ಮಿಯ ಗಂಡು ಕರಕ್ಕಂತೂ ಮೊದಲಿಂದಲೂ ಜಾಗ ಕಡಿಮೆ. ಹಾಲು ಬಿಡದೆ ಕಟ್ಟಿ ಹಾಕಿದರೆ ಅದು ತಾನಾಗಿಯೇ ಸೊರಗಿ ಹೋಗುತ್ತದೆ, ಯಾರೂ ಕೊಂದ ಲೆಕ್ಕ ಬರೋದಿಲ್ಲ. ಹಾಲು ಬತ್ತಿದ ಮೇಲೆ ತಾಯಿಯೂ ದಲ್ಲಾಳಿ ಕೈಗೇ ಹೋಗೋದು. ಹೀಗಿರುವಾಗ ಹಾಲು ಬೇರೆ, ಮಾಂಸ ಬೇರೆ ಅನ್ನೋದು ಎಷ್ಟು ಖರೆ? ಒಂದೇ ಹಗ್ಗದ ಎರಡು ತುದಿ.

ಬಸವಣ್ಣನವರ ಮನೆಯ ಆಕಳುಗಳನ್ನು ಕಳ್ಳರು ಹೊಡೆದುಕೊಂಡು ಹೋದ ಕಥೆ ನಮ್ಮ ಹಿರಿಯರು ಹೇಳುತ್ತಿದ್ದರು. ತಾಯಿ ಇಲ್ಲದೆ ಕರುಗಳು ಒದರುತ್ತಾವೆ, ಅವನ್ನೂ ಬೆನ್ನಟ್ಟಿ ಕಳ್ಳರಿಗೇ ಕೊಟ್ಟು ಬನ್ನಿ ಅಂದರಂತೆ ಅಣ್ಣನವರು. ನಾವು ಇದನ್ನು ಔದಾರ್ಯದ ಕಥೆ ಎಂದು ಕೇಳುತ್ತೇವೆ. ನನಗೆ ಇದು ಕರುವಿನ ಕಥೆ ಅನ್ನಿಸುತ್ತದೆ. ಸೊತ್ತು ಹೋಯಿತೆಂಬ ಚಿಂತೆ ಅವರಿಗೆ ಹತ್ತಲಿಲ್ಲ, ತಾಯಿ ಮಗು ಅಗಲಿದವೆಂಬುದು ಹತ್ತಿತು.

ನಮ್ಮ ಕಲಬುರಗಿಯ ಶರಣಬಸವೇಶ್ವರರನ್ನೇ ನೋಡ್ರಿ. 1746ರಲ್ಲಿ ಅರಳಗುಂಡಗಿಯಲ್ಲಿ ಹುಟ್ಟಿ, 1822ರಲ್ಲಿ ಲಿಂಗೈಕ್ಯರಾದ ಒಕ್ಕಲುತನದ ಮಹಾತ್ಮರು. ಎಲ್ಲರೂ ಕವಣೆ ಬೀಸಿ ಜೋಳದ ಹಕ್ಕಿ ಹೊಡೆಯುವಾಗ, ಇವರು ತಿನ್ನಲಿ ಬಿಡ್ರಿ ಎಂದು ಹಕ್ಕಿಗಳಿಗೆ ನೀರು ಇಟ್ಟರೆಂದು ಪ್ರತೀತಿ. ರಾಶಿಯೂ ಕಡಿಮೆ ಆಗಲಿಲ್ಲವಂತೆ. ಅದು ಪವಾಡವೋ ಏನೋ, ಆ ವಾದ ಇಲ್ಲಿ ಬೇಡ. ಆ ಹಕ್ಕಿಗಳನ್ನು ಅವರು ಪಂಜರದಲ್ಲಿ ಇಡಲಿಲ್ಲ, ತತ್ತಿ ಕೇಳಲಿಲ್ಲ, ಪುಕ್ಕ ಕೇಳಲಿಲ್ಲ. ಅವು ಬಂದವು, ತಿಂದವು, ಹಾರಿ ಹೋದವು.

ಇದೇ ಮಾತನ್ನು ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಎಂಬ ಬಡಗಿ ಕೆಲಸ ಕಲಿಸುವ ಮಾಸ್ತರರು ಮತ್ತು ಅವರ ಸಂಗಡಿಗರು 1944ರಲ್ಲಿ ಒಂದು ಸಂಘ ಮಾಡಿ ಹೇಳಿದರು. ಮಾಂಸ ಬಿಟ್ಟರೆ ಸಾಲದು. ಹಾಲು, ತತ್ತಿಯೂ ಬೇಡ, ಪ್ರಾಣಿ ನಮ್ಮ ಉಪಯೋಗಕ್ಕೆ ಹುಟ್ಟಿದ್ದಲ್ಲ ಎಂದರು. ಅದಕ್ಕೆ ವೀಗನ್ ಎಂದು ಹೆಸರಿಟ್ಟರು. ಪಟ್ಟಣದ ಹುಡುಗರು ಈ ಶಬ್ದ ಹೇಳಿದರೆ ನಾವು ನಗ್ತೀವಿ. ನಗಬೇಡಿ.

ಪೂಜೆಯ ತಟ್ಟೆ ಒಮ್ಮೆ ನೋಡಿದರೆ ತಿಳಿಯುತ್ತದೆ. ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ ಮೂರೂ ಕರುವಿನವು, ಜೇನು ನೊಣದ್ದು. ರೇಷ್ಮೆ ಮಡಿ ಅಂತೀವಿ, ಒಂದು ಸೀರೆಗೆ ಸಾವಿರಾರು ಗೂಡು ಹುಳ ಸಮೇತ ಕುದಿಯಬೇಕು. ಚರ್ಮದ ಚಪ್ಪಲಿಯನ್ನು ಮೈಲಿಗೆ ಅಂತ ಮೆಟ್ಟಿಲ ಬುಡದಲ್ಲಿ ಬಿಡ್ತೀವಿ, ಚಾಮರದ ಕೂದಲು ಯಾರ ಬಾಲದ್ದೆಂದು ಕೇಳೋದಿಲ್ಲ.

ಒಂದೇ ಎಮ್ಮಿ ಕಟ್ಟಿಕೊಂಡು ಮಕ್ಕಳನ್ನು ಸಾಲಿಗೆ ಕಳಿಸುವ ಅಕ್ಕನಿಗೆ ನಾನು ಈ ಉಪದೇಶ ಮಾಡುವವನಲ್ಲ. ಅವಳ ಕೊಟ್ಟಿಗೆಯ ಮಾತು ಬೇರೆ, ಅವಳಿಗೆ ಬೇರೆ ದಾರಿ ಆಗುವ ತನಕ ನಮ್ಮ ಬಾಯಿ ಮುಚ್ಚಿರಬೇಕು. ರೊಕ್ಕ ಕೊಟ್ಟು ಕೊಳ್ಳುವ ನಮಗೇ ಈ ಪ್ರಶ್ನೆ. ಗಿಡಕ್ಕೂ ಜೀವ ಇಲ್ಲೇನು ಅಂತ ಕೆಲವರು ಕೇಳ್ತಾರ. ಇದೆ, ಆದರೆ ಎಮ್ಮಿ ತಿನ್ನುವ ಮೇವೂ ಗಿಡವೇ ಅಲ್ಲವೇ, ಲೆಕ್ಕ ಹಾಕಿದರೆ ಆ ಕಡೆಯೇ ಹೆಚ್ಚು ಕೀಳಬೇಕಾಗುತ್ತದೆ.

ಹಾಲಿಲ್ಲದೆ ಉಣ್ಣೋದು ಹ್ಯಾಂಗ ಅನ್ನುವವರು ನಮ್ಮ ಭಾಗದ ಗಂಗಾಳವನ್ನೇ ನೋಡಿಕೊಳ್ಳಬೇಕು. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಇದರಲ್ಲಿ ಕರುವಿನದು ಏನೂ ಇಲ್ಲ. ಎಳ್ಳಿನಲ್ಲಿ ಸುಣ್ಣದ ಅಂಶ ಸಾಕಷ್ಟಿದೆ. ಬಿ-12 ಎಂಬ ಜೀವಸತ್ವ ಮಾತ್ರ ಕಾಳು ಸೊಪ್ಪಿನಲ್ಲಿ ಸಿಗದು, ಪೂರ್ತಿ ಬಿಡುವವರು ಅದರ ಗುಳಿಗೆ ತಪ್ಪಿಸಬಾರದು. ಕೂಸುಗಳು, ಬಸುರಿ ಬಾಣಂತಿಯರು ಇದ್ದ ಮನೆಯವರು ಡಾಕ್ಟರರನ್ನು ಕೇಳಿಯೇ ಮಾಡಬೇಕು, ಹಟ ಬೇಡ.

ಶಿವನಿಗೆ ನೀರು, ಬಿಲ್ವಪತ್ರೆ ಸಾಕೆಂದು ಹಿರಿಯರೇ ಹೇಳಿದ್ದಾರೆ. ಕುಸನೂರಿನಿಂದ ಬರುವವರು ಒಂದು ತಂಬಿಗೆ ನೀರು ತನ್ನಿ, ಕಮಲಾಪುರದವರು ನಿಮ್ಮೂರಿನ ಕೆಂಪು ಬಾಳೆಹಣ್ಣು ತನ್ನಿ, ನೈವೇದ್ಯಕ್ಕೆ ಅದಕ್ಕಿಂತ ಒಳ್ಳೆಯದು ಈ ಸೀಮೆಯಲ್ಲಿ ಇಲ್ಲ. ದೀಪಕ್ಕೆ ಎಳ್ಳೆಣ್ಣೆ ನಡೆಯುತ್ತದೆ. ರಸೀದಿ ಬರೆಸುವಾಗ ಜಲಾಭಿಷೇಕ ಎಂದು ಹೇಳಿದರೆ ಹಾಗೆಯೇ ಬರೆದು ಕೊಡುತ್ತೇನೆ.