ಅತಿಥಿಧರ್ಮವೂ ಕೂಸಿನ ಕಾವಲೂ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಬ್ಬ ಗೃಹಿಣಿಯು, ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ಹಗಲೆಲ್ಲ ತನ್ನ ಮನೆಯಲ್ಲಿಯೇ ನೋಡಿಕೊಳ್ಳುವಳೆಂದು ಭಾವಿಸೋಣ. ಆ ಮನೆಗೆ ಆಕೆಯ ಅಣ್ಣತಮ್ಮಂದಿರೂ ಗಂಡನ ಗೆಳೆಯರೂ ದಿನಾಲು ಬಂದುಹೋಗುವರು. ಅವರ ಪೂರ್ವವೃತ್ತವನ್ನು ವಿಚಾರಿಸುವದು ಧರ್ಮವೋ, ಬಂದವರಿಗೆ ಮಾಡುವ ಅವಮಾನವೋ?

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ಕಾಯುವ ಪೋಕ್ಸೋ ಕಾಯಿದೆಯು 2012ರಲ್ಲಿ ಬಂದಿತು. ಶಾಲೆ, ಶಿಶುಪಾಲನಾ ಕೇಂದ್ರ ಮೊದಲಾದವು ತಮ್ಮ ಸಿಬ್ಬಂದಿಯ ಪೂರ್ವವೃತ್ತವನ್ನು ಕಾಲಕಾಲಕ್ಕೆ ಪೊಲೀಸರಿಂದ ತಪಾಸಣೆ ಮಾಡಿಸತಕ್ಕದ್ದೆಂದು ಅದರ 2020ರ ನಿಯಮಗಳು ವಿಧಿಸಿವೆ. ಇಂಗ್ಲಂಡಿನಲ್ಲಿಯಾದರೋ, ತನ್ನ ಮನೆಯಲ್ಲಿ ಪರರ ಮಕ್ಕಳನ್ನು ನೋಡಿಕೊಳ್ಳಲು ನೋಂದಾಯಿಸಿಕೊಳ್ಳುವವರ ಮನೆಯಲ್ಲಿ ವಾಸಿಸುವ, 16 ವರ್ಷ ತುಂಬಿದವರೆಲ್ಲರ ತಪಾಸಣೆಯೂ ಆಗುವದು. ನಮ್ಮ ನಿಯಮವು ನೌಕರನನ್ನು ಹೆಸರಿಸಿದೆ. ಬಂದುಹೋಗುವ ನಂಟನನ್ನು ಹೆಸರಿಸಿಲ್ಲ. ಕಾನೂನು ಮೌನವಾಗಿರುವಲ್ಲಿ ವಿವೇಕವು ಮಾತಾಡಬೇಕಾಗುವದು.

ಕುಲಗೋತ್ರಗಳನ್ನು ಕೇಳದೆ ಅನ್ನವಿಕ್ಕುವ ನಾಡಿನಲ್ಲಿ ಇಂಥ ವಿಚಾರಣೆ ಸಲ್ಲದೆಂದು ಕೆಲವರು ಹೇಳುವರು. ಹಿಂದೆ ಒಬ್ಬೊಬ್ಬರ ನಡತೆಯನ್ನು ಓಣಿಯೇ ಬಲ್ಲದಾಗಿತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ, ಜನರು ನವನಗರದ ಸೆಕ್ಟರುಗಳಿಗೆ ಹೋದ ಮೇಲೆ ಓಣಿಯ ಸಾಕ್ಷಿಯೂ ಚದುರಿತು. ಆ ಸಾಕ್ಷಿಯಾದರೂ ನಿರ್ದೋಷವಾಗಿದ್ದಿಲ್ಲ. ಓಣಿಯು ತಿಳಿದದ್ದನ್ನು ಮಾನಕ್ಕಂಜಿ ಮುಚ್ಚಿಡುವದೂ ಉಂಟು. 2021ರ ರಾಷ್ಟ್ರೀಯ ಅಪರಾಧ ಲೆಕ್ಕವನ್ನು ನೋಡಿದರೆ, ಮಕ್ಕಳ ಮೇಲಿನ ಅತ್ಯಾಚಾರದ 100 ಪ್ರಕರಣಗಳಲ್ಲಿ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿಯು ಪರಿಚಿತನೇ ಆಗಿದ್ದನು. ಆದುದರಿಂದ ಪರಿಚಯವು ಪ್ರಮಾಣವಾಗಲಾರದು.

ನಮ್ಮ ಸ್ಮೃತಿಕಾರರು ನಿಕ್ಷೇಪವನ್ನು, ಅಂದರೆ ನಂಬಿ ಒಪ್ಪಿಸಿದ ಒಡವೆಯನ್ನು, ಹದಿನೆಂಟು ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿದ್ದಾರೆ. ತನ್ನ ಧನವನ್ನು ಮನುಷ್ಯನು ಉದಾರವಾಗಿ ಕೊಡಬಹುದು. ಪರರು ಇಟ್ಟುಹೋದದ್ದನ್ನು ಕೊಡುವ ಅಧಿಕಾರ ಅವನಿಗಿಲ್ಲ. ನೆರೆಮನೆಯ ಕೂಸು ಅಂಥ ನಿಕ್ಷೇಪವೇ ಸರಿ. ಗೃಹಿಣಿಯು ಬಂದವನಿಗೆ ತನ್ನ ಅನ್ನವನ್ನಿಕ್ಕಲಿ, ತನ್ನ ಪಡಸಾಲೆಯಲ್ಲಿ ಕುಳ್ಳಿರಿಸಲಿ. ಅವನ ಮೇಲಿನ ತನ್ನ ವಿಶ್ವಾಸಕ್ಕೆ ಪರರ ಕೂಸನ್ನು ಪಣವಾಗಿಡಲಾಗದು. ದಾಕ್ಷಿಣ್ಯವು ಆಕೆಯದು, ಅದರಿಂದಾಗುವ ಹಾನಿಯು ಮಾತನಾಡಲಾರದ ಕೂಸಿನದು. ಇಂಥ ಔದಾರ್ಯವು ಔದಾರ್ಯವೇ ಅಲ್ಲ.

ಆದರೂ ವಿಚಾರಣೆಗೆ ಎರಡು ಮಿತಿಗಳುಂಟು. ಬಡವನನ್ನೂ ಅನ್ಯ ಜಾತಿಯವನನ್ನೂ ಕೇಳಿ, ಸ್ವಂತ ಭಾವನನ್ನು ಬಿಟ್ಟುಬಿಟ್ಟರೆ ಅದು ನಿಜವಾಗಿಯೂ ಅವಮಾನವೇ. ಎಲ್ಲರಿಗೂ ಒಂದೇ ನಿಯಮವಾದಲ್ಲಿ ಯಾರಿಗೂ ಅವಮಾನವಿಲ್ಲ. ಎರಡನೆಯದಾಗಿ, ಪೊಲೀಸರ ಕಾಗದವು ದಾಖಲೆಯಾದ ದೋಷವನ್ನು ಮಾತ್ರ ಹೇಳಬಲ್ಲದು, ಮನಸ್ಸನ್ನು ಹೇಳಲಾರದು. ಕಾಗದ ಶುದ್ಧವಾಗಿದೆಯೆಂದು ಕೂಸನ್ನು ಬಂದವನೊಡನೆ ಒಂಟಿಯಾಗಿ ಬಿಡತಕ್ಕದ್ದಲ್ಲ. ಕೂಸು ಯಾರನ್ನಾದರೂ ಕಂಡು ಅಂಜಿದರೆ ಅದನ್ನು ಹಟವೆಂದು ಗದರಿಸತಕ್ಕದ್ದೂ ಅಲ್ಲ.

ಸಜ್ಜನನಾದ ಅತಿಥಿಯು ಈ ಪ್ರಶ್ನೆಗೆ ಮುನಿಯಲಾರನು. ತನ್ನ ಕೂಸನ್ನು ಇನ್ನೊಬ್ಬರ ಮನೆಯಲ್ಲಿ ಬಿಟ್ಟು ಬಂದ ದಿನ, ಆ ಮನೆಯವರೂ ಹೀಗೆಯೇ ಕೇಳಲೆಂದು ಅವನೇ ಬಯಸುವನಷ್ಟೆ.