ಹೊತ್ತದ್ದೆಷ್ಟು, ಕೈಗೆ ಸಿಕ್ಕಿದ್ದೆಷ್ಟು?

ಮನೆಯಿಂದ ಹೊರಡುವ ಪ್ರತಿಯೊಬ್ಬರೂ ಮನೆಯ ಒಂದಂಶವನ್ನು ತಮ್ಮೊಡನೆ ಕೊಂಡೊಯ್ಯುತ್ತಾರೆ. ಬೀಗದ ಕೈ, ಹಣ, ಕನ್ನಡಕ, ಔಷಧಿ, ಕರವಸ್ತ್ರ, ಮೊಬೈಲು ಇವೆಲ್ಲವನ್ನೂ ಒಂದೆಡೆ ಕೂಡಿಸಿ ಹೆಗಲಿಗೇರಿಸಿದರೆ ಅದು ಚೀಲ. ಗಂಡಸರ ಅಂಗಿಗೆ ಜೇಬುಂಟು; ಸೀರೆಗೆ ಜೇಬಿಲ್ಲ. ಅದಕ್ಕೇ ಇರಬೇಕು, ನಮ್ಮ ಬಹುಪಾಲು ಕುಟುಂಬಗಳಲ್ಲಿ ಹೊರಗೆ ಹೋಗುವಾಗ ಎಲ್ಲರ ಸಾಮಾನೂ ಗೃಹಿಣಿಯ ಚೀಲವನ್ನೇ ಸೇರುತ್ತದೆ. ಇಂತಹ ನಿತ್ಯೋಪಯೋಗಿ ವಸ್ತುವೊಂದನ್ನು ಆರಿಸುವುದರಲ್ಲಿ ನೀತಿಯ ಪ್ರಶ್ನೆ ಏನಿದೆ ಎಂದು ಯಾರಾದರೂ ಕೇಳಬಹುದು. ನಾನೂ ಹಾಗೆಯೇ ಕೇಳುತ್ತಿದ್ದೆ, ಒಂದು ಬಸ್ಸಿನ ಪ್ರಯಾಣದವರೆಗೆ.

ಹಾಸನದಲ್ಲಿ ಬಂಧುಗಳ ಮದುವೆ ಮುಗಿಸಿಕೊಂಡು ನಾನೂ ನಮ್ಮ ಯಜಮಾನರೂ ಬೆಂಗಳೂರಿಗೆ ಮರಳುತ್ತಿದ್ದೆವು. ಅವರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿದ್ದರು. ನೆಂಟರ ಮಾತುಕತೆಯಲ್ಲಿ ತಿಂಡಿ ಸರಿಯಾಗಿ ಆಗಿರಲಿಲ್ಲ, ಬಸ್ಸು ಹಿಡಿಯುವ ಅವಸರದಲ್ಲಿ ಊಟವೂ ಅರ್ಧಕ್ಕೇ ನಿಂತಿತ್ತು. ಚನ್ನರಾಯಪಟ್ಟಣ ದಾಟಿದ ಸ್ವಲ್ಪ ಹೊತ್ತಿಗೆ ಅವರ ಹಣೆಯ ಮೇಲೆ ಬೆವರು ಮೂಡಿತು, ಕೈ ನಡುಗತೊಡಗಿತು, ಕೇಳಿದ್ದೊಂದಕ್ಕೆ ಉತ್ತರಿಸಿದ್ದು ಇನ್ನೊಂದು. ರಕ್ತದಲ್ಲಿ ಸಕ್ಕರೆ ಕುಸಿಯುತ್ತಿದೆಯೆಂದು ನನಗೆ ತಿಳಿಯಿತು. ಇಂತಹ ಸಮಯದಲ್ಲಿ, ರೋಗಿಗೆ ಪ್ರಜ್ಞೆಯಿದ್ದು ನುಂಗುವ ಶಕ್ತಿ ಇರುವಾಗಲೇ, ಸುಮಾರು 15 ಗ್ರಾಂ ಸಕ್ಕರೆಯನ್ನು, ಅಂದರೆ ಮೂರು ಟೀ ಚಮಚದಷ್ಟನ್ನು ಒಡನೆಯೇ ಕೊಡಬೇಕು. 15 ನಿಮಿಷ ಕಾದು ಮತ್ತೆ ಪರೀಕ್ಷಿಸಬೇಕು. ವೈದ್ಯರು ಇದನ್ನು ನನಗೆ ಎಷ್ಟೋ ಬಾರಿ ಹೇಳಿದ್ದರು. ಅದಕ್ಕೆಂದೇ ಗ್ಲೂಕೋಸಿನ ಪೊಟ್ಟಣವೊಂದನ್ನು ಚೀಲದಲ್ಲಿ ಇಟ್ಟಿದ್ದೆ. ಇಟ್ಟದ್ದು ಖಚಿತ. ಆದರೆ ಎಲ್ಲಿ?

ನನ್ನದು ದೊಡ್ಡ ವ್ಯಾನಿಟಿ ಬ್ಯಾಗು. ಒಂದೇ ಬಾಯಿ, ಒಂದೇ ಹೊಟ್ಟೆ, ಒಳಗೆ ಕಪ್ಪು ಅಸ್ತರು. ಅದರೊಳಗೆ ಕೈಹಾಕುವುದೆಂದರೆ ಬಾವಿಗೆ ಪಾತಾಳಗರಡಿ ಇಳಿಸಿದಂತೆ. ಬೇಕಾದ ಒಂದನ್ನು ಬಿಟ್ಟು ಮಿಕ್ಕೆಲ್ಲವೂ ಸಿಕ್ಕಿಕೊಂಡು ಮೇಲೆ ಬರುತ್ತದೆ. ಹಳೆಯ ವಿದ್ಯುತ್ ಬಿಲ್ಲು, ಮೂರು ಪೆನ್ನು, ಎರಡು ಮದುವೆಯ ಕರೆಯೋಲೆ, ಅವಧಿ ಮುಗಿದ ನೆಗಡಿಯ ಮಾತ್ರೆ, ಎಂದೋ ಬದಲಾಯಿಸಿದ ಬೀಗದ ಕೈ, ಮಗನ ಕಾಲೇಜು ದಿನಗಳ ಗುರುತಿನ ಚೀಟಿ ಒಂದೊಂದಾಗಿ ಮಡಿಲಿಗೆ ಬಿದ್ದವು. ಗ್ಲೂಕೋಸ್ ಬರಲಿಲ್ಲ.

ಪಕ್ಕದ ಸೀಟಿನಲ್ಲಿ ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ವೃದ್ಧೆಯೊಬ್ಬರು ನನ್ನ ಪರದಾಟವನ್ನು ಕಂಡು ಏನೆಂದು ಕೇಳಿದರು. "ಏನಾದರೂ ಸಿಹಿ ಬೇಕಿತ್ತು" ಎಂದೆ. ಆಕೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸಂಚಿಯನ್ನು ತೆಗೆದು ದಾರ ಸಡಿಲಿಸಿದರು. ಅವರ ಕಣ್ಣು ನಮ್ಮ ಯಜಮಾನರ ಮುಖದ ಮೇಲೆಯೇ ಇತ್ತು. ಬೆರಳು ಮಾತ್ರ ನೇರವಾಗಿ ಒಂದು ಪದರಕ್ಕಿಳಿದು, ಮೊಮ್ಮಗನಿಗೆಂದು ಇಟ್ಟಿದ್ದ ಪೆಪ್ಪರಮೆಂಟುಗಳನ್ನು ಹಿಡಿಯಷ್ಟು ಹೊರತೆಗೆಯಿತು. ಯಜಮಾನರು ಅವನ್ನು ಅಗಿದು ನುಂಗಿದರು. ಹಿರೀಸಾವೆ ಬರುವಷ್ಟರಲ್ಲಿ ಬೆವರು ಆರಿತು, ಮಾತು ತಿಳಿಯಾಯಿತು. ನಾನು ನಾಚಿಕೆಯಿಂದಲೇ ಕೃತಜ್ಞತೆ ಹೇಳಿದಾಗ ಆಕೆ ನಕ್ಕು, "ನಿನ್ ಚೀಲ ದೊಡ್ದು ಕಣವ್ವಾ, ಹುಡುಕ್ಬೇಕು. ನನ್ ಸಂಚೀಲಿ ಇರಾದೇ ನಾಕು ಸಾಮಾನು" ಎಂದರು.

ಅಂದು ರಾತ್ರಿ ಚೀಲವನ್ನು ಮಂಚದ ಮೇಲೆ ಸುರಿದಾಗ ಪೊಟ್ಟಣ ಸಿಕ್ಕಿತು. ಅಸ್ತರಿನ ಹೊಲಿಗೆ ಬಿಟ್ಟ ಕಡೆ ಜಾರಿ ಒಳಗೆ ಕುಳಿತಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿದೆ. ಒಂದು ವಸ್ತು ನಮ್ಮಲ್ಲಿದೆ ಎಂದರೆ ಅರ್ಥವೇನು? ಪೊಟ್ಟಣ ನನ್ನ ಹೆಗಲ ಮೇಲೆಯೇ ಇತ್ತು, ಅದರ ಭಾರವನ್ನು ನಾನೇ ಹೊತ್ತಿದ್ದೆ. ಆದರೆ ಬೇಕಾದ ಗಳಿಗೆಯಲ್ಲಿ ಅದು ಇರಲಿಲ್ಲ. ಕೈಗೆ ಸಿಗದ ವಸ್ತು ಇಲ್ಲದ ವಸ್ತುವಿಗೆ ಸಮಾನ. ಅಷ್ಟೇ ಅಲ್ಲ, ಅದು ಇಲ್ಲದುದಕ್ಕಿಂತ ಅಪಾಯಕಾರಿ. ಏಕೆಂದರೆ 'ಇದೆ' ಎಂಬ ನೆಮ್ಮದಿಯನ್ನು ಕೊಟ್ಟು ನಮ್ಮನ್ನು ಮೈಮರೆಸುತ್ತದೆ. ನಮ್ಮ ಅನೇಕ ಸದ್ಗುಣಗಳೂ ಹೀಗೆಯೇ ಎಲ್ಲೋ ಅಸ್ತರಿನೊಳಗೆ ಜಾರಿ ಕುಳಿತಿವೆಯೇನೋ ಎಂಬ ಅನುಮಾನವೂ ಆಗ ಹುಟ್ಟಿತು.

ಅಚ್ಚುಕಟ್ಟಾದ ಚೀಲವೆಂಬುದು ಇಂದಿನ ಅಂಗಡಿಗಳು ಕಂಡುಹಿಡಿದ ವಿಷಯವಲ್ಲ. ಆ ವೃದ್ಧೆಯ ಬಳಿಯಿದ್ದ ಸಂಚಿಯನ್ನೇ ನೋಡಿ. ಅಂಗೈಯಗಲದ ಬಟ್ಟೆ, ಒಳಗೆ ಒಂದರ ಹಿಂದೊಂದು ಪದರಗಳು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಕಾಯಿಗೊಂದು, ಚಿಲ್ಲರೆ ಕಾಸಿಗೊಂದು. ದಾರ ಎಳೆದರೆ ಎಲ್ಲ ಬಾಯಿಗಳೂ ಒಟ್ಟಿಗೆ ಮುಚ್ಚುತ್ತವೆ. ಕತ್ತಲಲ್ಲೂ ಅಜ್ಜಿಯರ ಬೆರಳು ತಪ್ಪುತ್ತಿರಲಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ತಾಂಬೂಲದ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಯಳಂದೂರಿನ ಹೆಣ್ಣುಮಗಳೇ 'ಹದಿಬದೆಯ ಧರ್ಮ'ವನ್ನು ರಚಿಸಿದ ಸಂಚಿಯ ಹೊನ್ನಮ್ಮ. ಹೊತ್ತ ಚೀಲವೇ ಆಕೆಯ ಹೆಸರಾಯಿತು. ಇನ್ನೊಬ್ಬರು ಕೇಳಿದಾಗ ಕೇಳಿದ್ದನ್ನು ತಡವಿಲ್ಲದೆ ಕೊಡುವುದೇ ಸಂಚಿ ಹಿಡಿಯುವವರ ಕರ್ತವ್ಯವಾಗಿತ್ತು.

ಹೆಗಲಿನಿಂದ ಎದೆಗೆ ಅಡ್ಡಲಾಗಿ ಇಳಿಬಿಟ್ಟು, ಎದುರು ಪಕ್ಕದ ಸೊಂಟದ ಬಳಿ ನಿಲ್ಲುವ ಚೀಲವನ್ನು ಅಂಗಡಿಯವರು ಈಗ ಸ್ಲಿಂಗ್ ಬ್ಯಾಗ್ ಎನ್ನುತ್ತಾರೆ. ನಮ್ಮ ಕಣ್ಣಿಗೆ ಇದೂ ಹೊಸದಲ್ಲ. ಮನೆಮನೆಗೆ ಕಾಗದ ತಂದ ಅಂಚೆಯಣ್ಣನ ಚೀಲ, ಬಸ್ಸಿನ ಕಂಡಕ್ಟರರ ಚರ್ಮದ ಚೀಲ ಇವೆಲ್ಲ ಅಡ್ಡಲಾಗಿ ಧರಿಸುವಂಥವೇ. ಕಿಕ್ಕಿರಿದ ಬಸ್ಸಿನಲ್ಲಿ ಕಂಡಕ್ಟರರು ನೋಟಿಗೊಂದು, ನಾಣ್ಯಕ್ಕೊಂದು ಅರೆಯಿರುವ ಆ ಚೀಲಕ್ಕೆ ನೋಡದೆಯೇ ಕೈಹಾಕಿ ಚಿಲ್ಲರೆ ಕೊಡುತ್ತಾರೆ. ಜನರ ನಡುವೆ ಓಡಾಡಿ ದುಡಿಯುವವರು ಈ ಬಗೆಯ ಚೀಲವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ: ಅದು ಎರಡೂ ಕೈಗಳನ್ನು ಬಿಡುವಾಗಿರಿಸುತ್ತದೆ. ಬಸ್ಸಿನ ಕಂಬಿ ಹಿಡಿಯಲು ಒಂದು ಕೈ ಬೇಕು, ಮಗುವಿನ ಬೆರಳು ಹಿಡಿಯಲು ಇನ್ನೊಂದು. ಚೀಲ ಕಾಯುವುದರಲ್ಲೇ ಒಂದು ಕೈ ಸವೆದುಹೋದರೆ, ಎಡವಿದವರನ್ನು ಎತ್ತಿಹಿಡಿಯಲು ನಮ್ಮಲ್ಲಿ ಉಳಿಯುವುದು ಅರ್ಧ ಶಕ್ತಿ ಮಾತ್ರ.

ಮರುವಾರ ಸೊಸೆಯನ್ನು ಕರೆದುಕೊಂಡು ಪೇಟೆಗೆ ಹೋದೆ. ಅಂದು ಕಲಿತದ್ದನ್ನು ಹಂಚಿಕೊಳ್ಳುವೆ, ಯಾರಿಗಾದರೂ ಪ್ರಯೋಜನವಾದೀತು. ಪಟ್ಟಿ ಅಗಲವಾಗಿರಬೇಕು, ಮೂರು ನಾಲ್ಕು ಸೆಂಟಿಮೀಟರಾದರೂ ಇರಲಿ; ದಾರದಂತಹ ಪಟ್ಟಿ ಹೆಗಲನ್ನು ಕೊರೆಯುತ್ತದೆ. ಅದನ್ನು ಉದ್ದ, ಗಿಡ್ಡ ಮಾಡುವ ಅನುಕೂಲ ಬೇಕು. ಚೀಲ ಸೊಂಟದ ಮಟ್ಟಕ್ಕೆ ನಿಂತರೆ ಕೈ ಸುಲಭವಾಗಿ ಎಟುಕುತ್ತದೆ, ನಡೆಯುವಾಗ ತೊಡೆಗೆ ಬಡಿಯುವುದಿಲ್ಲ. ಬರಿದಾದಾಗಲೇ ಭಾರವಿರುವ ಚೀಲ ಬೇಡ. ಒಳಗಿನ ಅಸ್ತರು ತಿಳಿಬಣ್ಣದ್ದಾಗಿರಲಿ, ಬಿದ್ದದ್ದು ಕಾಣುತ್ತದೆ. ಜಿಪ್ಪು ಸರಾಗವಾಗಿ ಓಡುವುದೇ ಎಂದು ಅಂಗಡಿಯಲ್ಲೇ ಹತ್ತು ಬಾರಿ ಎಳೆದು ನೋಡಬೇಕು. ಪಟ್ಟಿಯ ಬುಡದ ಹೊಲಿಗೆಯನ್ನು ಜಗ್ಗಿ ನೋಡಬೇಕು. ಹಣಕ್ಕೂ ಫೋನಿಗೂ ಮೈಗೆ ತಾಗುವ ಬದಿಯ ಅರೆಯೇ ಕ್ಷೇಮ. ರಸ್ತೆಯಲ್ಲಿ ನಡೆಯುವಾಗ ವಾಹನಗಳಿಗೆ ವಿರುದ್ಧವಾದ ಪಕ್ಕಕ್ಕೆ ಚೀಲವಿರಲಿ. ಬೈಕಿನಲ್ಲಿ ಬಂದು ಕಸಿಯುವವರ ಕೈಗೆ ಎಟುಕದಂತೆ.

ಅರೆಗಳ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಹನ್ನೆರಡು ಅರೆಗಳ ಚೀಲವನ್ನು ಕಂಡು ನಾನು ಮರುಳಾದೆ. ಸೊಸೆ ತಡೆದು, "ಅತ್ತೆ, ಹನ್ನೆರಡರಲ್ಲಿ ಯಾವುದರಲ್ಲಿ ಇಟ್ಟಿರೆಂದು ನೆನಪಿರುತ್ತದೆಯೇ?" ಎಂದು ಕೇಳಿದಳು. ನಿಜವೇ. ಅರೆಯೇ ಇಲ್ಲದ ಚೀಲ ಬಾವಿಯಾದರೆ, ಅತಿಯಾದ ಅರೆಗಳ ಚೀಲ ಚಕ್ರವ್ಯೂಹ. ನಾಲ್ಕೈದು ಸಾಕು, ಆದರೆ ಪ್ರತಿಯೊಂದಕ್ಕೂ ನಿಯತವಾದ ವಸ್ತುವಿರಬೇಕು, ಪ್ರತಿ ವಸ್ತುವೂ ಬಳಸಿದ ಮೇಲೆ ತನ್ನ ಸ್ಥಾನಕ್ಕೇ ಮರಳಬೇಕು. ಶಿಸ್ತನ್ನು ಹಣ ಕೊಟ್ಟು ಕೊಳ್ಳಲಾಗದು. ಅಂಗಡಿಯವನು ಮಾರುವುದು ಅರೆಯನ್ನು ಮಾತ್ರ.

ಹಳೆಯ ಚೀಲವನ್ನು ಬಿಡುವ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ: ಮೂರೂವರೆ ಕಿಲೋ! ಶಾಲಾ ಮಕ್ಕಳ ಚೀಲ ಅವರ ದೇಹದ ತೂಕದ ಶೇಕಡಾ 10ನ್ನು ಮೀರಬಾರದೆಂದು ಕೇಂದ್ರ ಸರ್ಕಾರದ 2020ರ ನೀತಿ ಹೇಳುತ್ತದೆ. ಅದು ಎರಡು ಹೆಗಲಿಗೆ ಹಂಚಿಹೋಗುವ ಚೀಲದ ಲೆಕ್ಕ. ಒಂದೇ ಹೆಗಲಿನ ಚೀಲ ಇನ್ನೂ ಹಗುರವಾಗಿರಬೇಕಲ್ಲವೇ? ನಾನು ಹೊತ್ತದ್ದರಲ್ಲಿ ಮುಕ್ಕಾಲು ಪಾಲು 'ಎಂದಾದರೂ ಬೇಕಾದೀತು' ಎಂಬ ಭಯದ ತೂಕ. ದಾರಿಗೆ ಚೀಲವನ್ನೂ ಒಯ್ಯದಂತೆ ಶಿಷ್ಯರಿಗೆ ವಿಧಿಸಿದ ಯೇಸುಸ್ವಾಮಿಯೇ, ಕಡೆಯ ರಾತ್ರಿ ಚೀಲವಿದ್ದವರು ಅದನ್ನು ತೆಗೆದುಕೊಳ್ಳಲೆಂದು ಹೇಳಿದರೆಂದು ಸಂತ ಲೂಕರು ದಾಖಲಿಸುತ್ತಾರೆ. ಚೀಲವೇ ಪಾಪವಲ್ಲ, ಬರಿಗೈಯೇ ಪುಣ್ಯವೂ ಅಲ್ಲ. ಹೊತ್ತದ್ದು ನಡಿಗೆಗೆ ನೆರವಾಗುತ್ತದೆಯೋ ಅಡ್ಡಿಯಾಗುತ್ತದೆಯೋ ಎಂಬುದೇ ಪ್ರಶ್ನೆ.

ಹೊಸ ಚೀಲಕ್ಕೆ ಸಾಮಾನು ತುಂಬುವಾಗ ಸೊಸೆ ಪಕ್ಕದಲ್ಲಿ ಕುಳಿತಿದ್ದಳು. ಮಾವನ ಕನ್ನಡಕ, ಮಾವನ ಮಾತ್ರೆ, ಮಗನ ಚಾರ್ಜರು, ಮೊಮ್ಮಗಳ ಬಣ್ಣದ ಪೆನ್ಸಿಲು ಒಂದೊಂದಾಗಿ ಒಳಸೇರುವುದನ್ನು ನೋಡಿ, "ಅತ್ತೆ, ಇದರಲ್ಲಿ ನಿಮ್ಮದು ಯಾವುದು?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಅವಳು ಮುಂದುವರಿದು, "ಅಂದು ಬಸ್ಸಿನಲ್ಲಿ ಮಾವ ಒಬ್ಬರೇ ಇದ್ದಿದ್ದರೆ?" ಎಂದಳು.

ಆ ಪ್ರಶ್ನೆ ನನ್ನನ್ನು ಚೀಲದ ಅಂಗಡಿಗಿಂತ ದೂರಕ್ಕೆ ಕೊಂಡೊಯ್ದಿತು. ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ, ಕೆಲವೇ ವಾಕ್ಯಗಳ ಅಂತರದಲ್ಲಿ, ಪರಸ್ಪರರ ಭಾರವನ್ನು ಹೊರುವ ಮಾತೂ ಇದೆ, ತನ್ನ ಹೊರೆಯನ್ನು ತಾನೇ ಹೊರುವ ಮಾತೂ ಇದೆ. ಮೂಲ ಗ್ರೀಕಿನಲ್ಲಿ ಎರಡು ಕಡೆ ಬಳಸಿರುವ ಪದಗಳು ಬೇರೆಬೇರೆ. ಒಬ್ಬನನ್ನು ಕುಗ್ಗಿಸುವ ಭಾರ ಒಂದು. ಅವನವನ ಪಾಲಿಗೆ ಬಂದ ದಿನನಿತ್ಯದ ಹೊರೆ ಇನ್ನೊಂದು. ಕಾಯಿಲೆಯಲ್ಲಿ ನರಳುವಾಗ ಪತಿಯ ಭಾರವನ್ನು ನಾನು ಹೊರಲೇಬೇಕು. ಆದರೆ ಅವರ ಕನ್ನಡಕವನ್ನೂ ಗ್ಲೂಕೋಸನ್ನೂ ಇಷ್ಟು ವರ್ಷ ನಾನೇ ಹೊತ್ತದ್ದು ಸೇವೆಯೋ ಅಭ್ಯಾಸಬಲವೋ? ಪ್ರಾಮಾಣಿಕವಾಗಿ ಹೇಳುವುದಾದರೆ, 'ಇವಳಿಲ್ಲದೆ ಏನೂ ನಡೆಯದು' ಎಂಬ ಮಾತು ಕೇಳುವುದು ನನಗೆ ಹಿತವಾಗಿತ್ತು. ಎಲ್ಲರ ಸಾಮಾನನ್ನೂ ಹೊರುವವಳು ಎಲ್ಲರನ್ನೂ ತನ್ನ ಮೇಲೆ ಅವಲಂಬಿಸುವಂತೆಯೂ ಮಾಡುತ್ತಾಳೆ. ನಾನು ಪ್ರೀತಿಯೆಂದು ತಿಳಿದು ಹೊತ್ತ ಚೀಲದಲ್ಲಿ ಒಂದಿಷ್ಟು ಅಹಂಕಾರವೂ ಬೆರೆತಿತ್ತು. ಅವರ ಪ್ರಾಣಕ್ಕೆ ಬೇಕಾದುದನ್ನು ಅವರ ಜೇಬಿನಿಂದ ದೂರವಿಟ್ಟದ್ದೂ ಅದೇ.

ಮರುದಿನದಿಂದ ಗ್ಲೂಕೋಸ್ ಯಜಮಾನರ ಅಂಗಿಯ ಜೇಬು ಸೇರಿತು. "ಇಷ್ಟು ವರ್ಷ ನೀನೇ ಇಟ್ಟುಕೊಳ್ಳುತ್ತಿದ್ದೆಯಲ್ಲ" ಎಂದು ಅವರು ಎರಡು ದಿನ ಮುನಿಸಿಕೊಂಡರು. ಮೂರನೆಯ ದಿನ ಹೊರಡುವಾಗ ತಾವೇ ಜೇಬು ಮುಟ್ಟಿ ನೋಡಿಕೊಂಡರು. ಮೊಮ್ಮಗಳಿಗೆ ತನ್ನದೇ ಆದ ಪುಟ್ಟ ಚೀಲ ಬಂದಿದೆ. ಮಗ ತನ್ನ ಚಾರ್ಜರನ್ನು ಒಮ್ಮೆ ಮರೆತು ಪಾಡುಪಟ್ಟ; ಮತ್ತೆ ಮರೆಯಲಿಲ್ಲ.

ಈಗ ನನ್ನ ಚೀಲದಲ್ಲಿರುವುದು ಕೆಲವೇ ವಸ್ತು. ಬೀಗದ ಕೈ, ಹಣ, ಫೋನು, ಕನ್ನಡಕ, ಜಪಸರ. 2016ರ ಮಾರ್ಚಿಯಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದಂದಿನಿಂದ ಅಭ್ಯಾಸವಾಗಿರುವ, ಮಡಿಸಿದ ಬಟ್ಟೆಯ ಚೀಲವೊಂದು. ಮನೆಯವರ ತುರ್ತು ದೂರವಾಣಿ ಸಂಖ್ಯೆ ಬರೆದ ಚೀಟಿ. ಹೊರಬದಿಯ ಅರೆಯೊಂದನ್ನು ಮಾತ್ರ ನನ್ನದೆಂದು ಎಣಿಸುವುದಿಲ್ಲ. ಅದರಲ್ಲಿ ಹಿಡಿಯಷ್ಟು ಪೆಪ್ಪರಮೆಂಟು ಇರುತ್ತದೆ. ಆ ವೃದ್ಧೆಯ ಹೆಸರನ್ನೂ ನಾನು ಕೇಳಲಿಲ್ಲ. ಅವರ ಮೊಮ್ಮಗನ ಪಾಲಿನ ಸಿಹಿ ನಮ್ಮ ಮನೆಯ ಋಣವಾಗಿ ಉಳಿದಿದೆ. ಆ ಋಣವನ್ನು ಅವರಿಗೆ ತೀರಿಸುವ ದಾರಿಯಿಲ್ಲ, ಪಕ್ಕದ ಸೀಟಿನಲ್ಲಿ ಕೂರುವ ಯಾರಿಗೋ ತೀರಿಸಬೇಕು.

ಆತ್ಮಶೋಧನೆಗೆ ಏಕಾಂತ ಬೇಕೆನ್ನುತ್ತಾರೆ. ಒಮ್ಮೆ ಮನೆಮಂದಿಯೆಲ್ಲ ಕುಳಿತು ತಂತಮ್ಮ ಚೀಲಗಳನ್ನು ಚಾಪೆಯ ಮೇಲೆ ಸುರಿದು ನೋಡೋಣ. ಯಾವುದು ಅಗತ್ಯ, ಯಾವುದು ಭಯ, ಯಾವುದು ಇನ್ನೊಬ್ಬರು ಹೊರಬೇಕಾದುದು, ಯಾವುದು ನಾವು ಹೊರದೆ ಬಿಟ್ಟದ್ದು ಎಂಬುದು ಕಣ್ಣಿಗೆ ಕಂಡೀತು. ಮರಳಿ ತುಂಬುವಾಗ ಒಂದು ಅರೆಯನ್ನು ಹೆಸರು ತಿಳಿಯದವರಿಗಾಗಿ ಬಿಡೋಣ. ನೋಡದೆಯೂ ಕೈಗೆ ಸಿಗುವಂತಿರಲಿ ಅದು.